ಮಂಗಳಾ ಹೆಸರಿನ ‘ಳ’

ಮಂಗಳಾ, ಜಾಗವಿತ್ತು. ಪರದೆಯಲ್ಲೂ ಇತ್ತು, ಮೆಮರಿಯಲ್ಲೂ ಇತ್ತು. ನಿನ್ನ ಹೆಸರನ್ನು ನಾನೇ ಅಳಿಸಿದೆ — ಬೇಕೆಂದೇ ಅಳಿಸಿದೆ.

ಬರುವ ಭಾನುವಾರ ಇಲ್ಲೇ ನಮ್ಮ ಮನೆ ಹತ್ತಿರದ ಗಚ್ಚಿಬೌಲಿಯಲ್ಲಿ, ಹಳೆಯ ಕಂಪ್ಯೂಟರುಗಳ ಹುಚ್ಚಿರುವ ಬಳಗವೊಂದು ನನಗೆ ಶಾಲು ಹೊದಿಸುತ್ತದಂತೆ. ಟಿವಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರದಲ್ಲಿ ಅಷ್ಟು ಹಿಂದೆಯೇ ಕನ್ನಡ ಮೂಡಿಸಿದ ಜಾಣ ನಾನಂತೆ. ಥೂ!

ಹೊಸ ಅಕ್ಷರಗಳಿಗೆಂದು ಆ ಯಂತ್ರ ಕೊಟ್ಟಿದ್ದು ಇಪ್ಪತ್ತೊಂದೇ ಮನೆ. ನಮ್ಮ ವರ್ಣಮಾಲೆಗೆ ಅದು ಯಾವ ಮೂಲೆಗೆ ಸಾಕು? ಒಂದರ ಮೇಲೊಂದು ಅಚ್ಚೊತ್ತಿದರೆ, ಕಪ್ಪಿನ ಮೇಲೆ ಕಪ್ಪು ಬಿದ್ದಲ್ಲಿ ಬಿಳಿಯಾಗಿಬಿಡುತ್ತಿತ್ತು. ಏನು ದರಿದ್ರ ಯಂತ್ರವೆಂದು ನಾನು ಬೈಯುತ್ತಿದ್ದೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ನೀನು ಹೇಳಿದೆ:

“ಅಣ್ಣಾ, ಅಕ್ಷರ ಇಡೀ ಯಾಕ ಇಡ್ತಿ? ‘ರ’ ಒಂದ ಇಡು. ಒಳಗ ಚುಕ್ಕಿ ಒತ್ತಿದ್ರ ‘ಠ’ ಆತು. ಕೆಳಗ ಕಪ್ಪಿನ ಮ್ಯಾಲ ಕಪ್ಪು ಒತ್ತು, ಹೊಟ್ಟಿ ಸೀಳ್ತೈತಿ — ‘ದ’ ಆತು!”

ಉಪಾಯವೆಲ್ಲ ನಿನ್ನದು. ಟೈಪು ಮಾಡಿದ್ದಷ್ಟೇ ನಾನು.

ಅಪ್ಪ ನಿನಗೊಂದು ಮಾತು ಕೊಟ್ಟಿದ್ದರು: “ಕಾಲೇಜಿನ ಪ್ರದರ್ಶನದಾಗ ಪರದೆ ಮ್ಯಾಲ ನಿನ್ನ ಹೆಸರು ಬರಲಿ, ಕಂಪ್ಯೂಟರ್ ಕಲಿಯಾಕ ಕಳಸ್ತೀನಿ. ಇಲ್ಲಾಂದ್ರ ಬಂದ ಸಂಬಂಧಕ್ಕ ಹೂಂ ಅನ್ನು.” ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಪ್ರದರ್ಶನದ ಬೆಳಿಗ್ಗೆ ಅಳಿಸಿದೆ — ಕಾಲೇಜು ಮೆಟ್ಟಿಲು ಹತ್ತಿದವನು ನಾನು, ಹೊಳೆದಿದ್ದು ತಂಗಿಗೆ... ಹೊಟ್ಟೆಕಿಚ್ಚು, ಬೇರೇನಲ್ಲ.

ಪರದೆಯಲ್ಲಿ, ಮಾಡಿದವರೆಂದು, ನನ್ನ ಹೆಸರೊಂದೇ ಮೂಡಿತು. ಅಪ್ಪ ನಿನ್ನ ಕಡೆ ನೋಡಿದರು, ನೀನು ನನ್ನ ಕಡೆ. “ಏನ್ ಮಾಡ್ಲೆವಾ, ನಿನ್ನ ಹೆಸರಿನ ‘ಳ’ ಹಿಡಿಸ್ಲಿಲ್ಲ. ಜಾಗಾನ ಇಲ್ಲ,” ಎಂದೆ.

ಅಯ್ಯೋ, ನನ್ನ ನಾಲಿಗೆಯೇ! ನನ್ನ ಹೆಸರಿನ ಕೆಳಗೇ, ಇಷ್ಟು ದಪ್ಪಗೆ, ನೋಡಲು ಬಂದವರಿಗೆ ‘ಒಳಗೆ ಬನ್ನಿ’ ಎಂದು ಬರೆದಿತ್ತು. ಆ ‘ಳ’ ನೀನೇ ಜೋಡಿಸಿದ್ದು. ನೀನು ಅದನ್ನು ಓದಿದ್ದನ್ನು ನಾನು ಕಂಡೆ. ಅಪ್ಪನಿಗೆ ಮಾತ್ರ ನೀನು ತೋರಿಸಲಿಲ್ಲ. ಮರುತಿಂಗಳೇ ನಿನ್ನ ಮದುವೆ. ಆ ಅಕ್ಷರಗಳನ್ನು ತೋರಿಸಿಯೇ ನನಗೆ ಮೊದಲ ನೌಕರಿ ಸಿಕ್ಕಿತು.

“ಹೋಗ್ಲಿ ಬಿಡ್ರಿ, ಆಕಿ ಎಂದೋ ಮರತಾಳ,” ಎನ್ನುತ್ತಾಳೆ ನನ್ನ ಹೆಂಡತಿ. ಯಾಕೆ ಬಿಡಲಿ? ಮೈ ಸರಿಯಿಲ್ಲವೆಂದು ನೆಪ ಹೇಳಿ ಲಿಂಗಂಪಲ್ಲಿಯ ಮನೆಯಲ್ಲಿ ಕೂರುವುದೂ ಇಲ್ಲ. ಹೋಗುತ್ತೇನೆ. ಹಳೆಯ ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಏರಿಸಿ, ಎಲ್ಲರೆದುರು ನಿನ್ನ ಹೆಸರು ಹಾಕಿ, ಅಳಿಸಿದವನು ನಾನೇ ಎಂದು ಹೇಳುತ್ತೇನೆ. ಮುಖ ಸಿಂಡರಿಸುವವರು ಸಿಂಡರಿಸಲಿ. ನಿನ್ನನ್ನು ಬಾ ಎನ್ನುವುದಿಲ್ಲ. ಕ್ಷಮಿಸು ಎನ್ನುವ ಮುಖವೂ ನನಗಿಲ್ಲ.

ನಿನ್ನೆ ಹಾಕಿ ನೋಡಿದೆ — ಮಂಗಳಾ. ‘ಳ’ ಚೆನ್ನಾಗಿ ಕೂತಿದೆ. ಪಕ್ಕದಲ್ಲಿ ನನ್ನ ಹೆಸರಿಗೂ ಜಾಗವಿದೆ. ಹಾಕುವುದಿಲ್ಲ.