ಕಾನ್ಪುರಕ್ಕೆ ಕಳಿಸಿದ ಕಸಿ ಗಿಡ

ಈ ಬೆಳಿಗ್ಗೆ ಕೋಲಾರದ ನಮ್ಮ ಬಚ್ಚಲುಮನೆಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿತ್ತು. ನಮಗೆ ಚಳಿ ಎಂದರೆ ಇಷ್ಟೇ ನೋಡಿ. ಬಾಟಲಿಯನ್ನು ಬಿಸಿಲಿಗಿಟ್ಟರೆ ಮುಗಿಯಿತು. ಅಷ್ಟಕ್ಕೇ ಸ್ವೆಟರ್ ತೊಟ್ಟು ಭೂಗೋಳ ಪಾಠ ಮಾಡುವ ಮೇಷ್ಟರು ನಾನು. ಆ ಬಾಟಲಿ ಕಂಡಾಗಲೆಲ್ಲ ಪಾಂಡೆಯವರ ಗಿಡ ನೆನಪಾಗುತ್ತದೆ.

ಪಾಂಡೆ ನರಸಾಪುರದ ಕಾರ್ಖಾನೆಯಲ್ಲಿದ್ದವರು, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದರು. ತಮ್ಮೂರು ಕಾನ್ಪುರಕ್ಕೆ ವಾಪಸು ಹೊರಟಾಗ, ನಮ್ಮಲ್ಲಿ ತಿಂದ ರಸಪುರಿ ಮಾವಿನ ಗಿಡವೊಂದು ಬೇಕೆಂದರು. ಆ ಹಣ್ಣು ಶ್ರೀನಿವಾಸಪುರದ ಚಿಕ್ಕಪ್ಪನ ಮನೆ ಮುಂದಿನ ಮರದ್ದು. ರಸ್ತೆ ಅಗಲ ಮಾಡಲು ಆ ಮರವನ್ನು ಕಡಿದಿದ್ದರು. ಅದಕ್ಕೆ ಮುಂಚೆ ಅದರ ಕಡ್ಡಿ ಕೊಯ್ದು ಚಿಕ್ಕಪ್ಪ ಕಟ್ಟಿದ ಕಸಿಗಳಲ್ಲಿ ಬದುಕಿದ್ದು ಒಂದೇ ಒಂದು.

“ನೆಡೋಕೆ ನಂಗೆ ಜಾಗ ಎಲ್ಲದೆ? ಅಲ್ಲಾದ್ರೂ ಬಾಳ್ಲಿ. ಲೇ ಮೇಷ್ಟ್ರೇ, ಅವರೂರಲ್ಲಿ ಇದು ಬದುಕ್ತದಾ?” ಎಂದರು ಚಿಕ್ಕಪ್ಪ.

ಚಳಿಗಾಲದಲ್ಲಿ ನಡುಗಿಸಿ ಬೇಸಿಗೆಯಲ್ಲಿ ಸುಡುವ ಊರು ಉಪೋಷ್ಣವಲಯವೇ ಎಂದು ಮಕ್ಕಳು ಕೇಳುತ್ತಲೇ ಇರುತ್ತಾರೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. “ಉಪೋಷ್ಣವಲಯ ಚಿಕ್ಕಪ್ಪ. ಚಳಿ ಇದ್ರೂ ಬೇಸಿಗೆ ನಮಗಿಂತ ಜೋರು. ಅಲ್ಲೂ ಮಾವಿನ ತೋಪುಗಳಿವೆ.”

“ಸರೇಲೇ,” ಎಂದ ಚಿಕ್ಕಪ್ಪ ಪಾಂಡೆಯವರಿಗೆ ಹೇಳಿಕೊಟ್ಟಿದ್ದು ಒಂದೇ, ಬೇಸಿಗೆಯಲ್ಲಿ ಸೊಪ್ಪಿನ ನೆರಳು ಕಟ್ಟುವುದು. ನಾವು ಎಳೆ ಗಿಡವನ್ನು ಕಾಯುವುದು ಬಿಸಿಲಿನಿಂದ ಮಾತ್ರ. ಚಳಿಗೆ ಗಿಡ ಹೊದಿಸುವುದನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಪಾಠ ಮಾಡುವ ನನಗೂ ಹೊಳೆಯಲಿಲ್ಲ.

ಗಿಡ ಬೇಸಿಗೆಯನ್ನೇನೋ ದಾಟಿತು. ಹೋದ ಜನವರಿಯಲ್ಲಿ ಫೋಟೊ ಬಂತು: ಇಬ್ಬನಿ ಹೆಪ್ಪುಗಟ್ಟಿ ಎಲೆಗಳೆಲ್ಲ ಕಪ್ಪಾಗಿದ್ದವು. ಪಕ್ಕದ ಮನೆಯವರು ಹುಲ್ಲು ಹೊದಿಸಿ ಎಂದಿದ್ದರೂ, ಮೇಷ್ಟರು ಹೇಳಿಲ್ಲವಲ್ಲ ಎಂದು ಪಾಂಡೆ ಸುಮ್ಮನಿದ್ದರಂತೆ. ನಾಚಿಕೆಯಿಂದ ಕುಗ್ಗಿಹೋದೆ.

ಚಿಕ್ಕಪ್ಪ ಫೋಟೊವನ್ನು ಬಹಳ ಹೊತ್ತು ನೋಡಿದರು. “ಕಸಿ ಗಂಟಿನ ಕೆಳಗೆ ತೊಗಟೆನ ಉಗುರಲ್ಲಿ ಕೆರೀಲಿ. ಹಸಿರಿದ್ಯಾ ಕೇಳು.”

ಹಸಿರಿತ್ತು. ಗಂಟಿನ ಮೇಲಿನ ರಸಪುರಿ ಸತ್ತು, ಕೆಳಗಿನ ಬೀಜದ ಗಿಡ ಜೀವ ಹಿಡಿದಿತ್ತು.

“ನಮ್ಮ ಮರ ಹೋಯ್ತು ಬಿಡು,” ಎಂದು ಕಣ್ಣೊರೆಸಿಕೊಂಡರು. “ಬೇರು ನಾನು ಬೆಳೆಸಿದ್ದೇ ಅಲ್ವೇನ್ಲಾ? ಅವರೂರಿನ ಕಡ್ಡೀನೇ ಕಟ್ಟಿಸ್ಕೊಳ್ಳಲಿ. ಅದಕ್ಕಾದ್ರೆ ಆ ಚಳಿ ಗೊತ್ತು.”

ಮಳೆಗಾಲದಲ್ಲಿ ಪಾಂಡೆ ಹಾಗೇ ಮಾಡಿಸಿದರು. ಕಾನ್ಪುರ ಉಪೋಷ್ಣವಲಯವೇ ಎಂದು ಯಾರಾದರೂ ಕೇಳಿದರೆ ಈಗಲೂ ಹೌದೆನ್ನುತ್ತೇನೆ, ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಈ ಬೆಳಿಗ್ಗೆ ಎಣ್ಣೆ ಕರಗುವ ಮೊದಲೇ ಪಾಂಡೆಯವರಿಗೆ ಫೋನ್ ಮಾಡಿದೆ.

“ಗಿಡಕ್ಕೆ ಹುಲ್ಲು ಹೊದಿಸಿದ್ರಾ?”

“ಹೊದಿಸಿದ್ದೀನಿ ಮೇಷ್ಟ್ರೇ. ನಿಮ್ಮ ಚಿಕ್ಕಪ್ಪ ಆಗ್ಲೇ ಫೋನ್ ಮಾಡಿ ಕೇಳಿದ್ರು.”