ಹಿತ್ತಲ ಖೋಲಿಗೆ ಕೇಳದ ಗಂಟೆ

ನಮ್ಮ ಮಾವನವರ ಎಡಗೈ ಮಣಿಕಟ್ಟಿನ ಸುತ್ತ ಬಳೆಯಷ್ಟು ಅಗಲಕ್ಕೆ ಚರ್ಮ ಕಂದಿ, ಗಟ್ಟಿಯಾಗಿ, ಅಲ್ಲಿಯ ಕೂದಲೆಲ್ಲ ಉದುರಿಹೋಗಿತ್ತು. ನೋಡಿದವರು ಹುಣ್ಣು ಮಾಯ್ದ ಕಲೆ ಅಂದುಕೊಳ್ಳುತ್ತಿದ್ದರು. ಅದು ಹಗ್ಗದ ಗುರುತು. ಹೇಗೆ ಬಂತೆಂಬುದು ಬಹಳ ದಿನ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ.

ಅವರು ಭಾಲ್ಕಿಯಲ್ಲಿ ಅರ್ಜಿ ಬರೆಯುವವರು. ನಿಜಾಮರ ಕಚೇರಿಯಲ್ಲಿ ಎಲ್ಲವೂ ಉರ್ದು, ರೈತರ ಬಾಯಲ್ಲಿ ಕನ್ನಡ. ನಡುವೆ ಮಾವನವರ ಲೇಖನಿ. ಖಟಕ ಚಿಂಚೋಳಿಯಿಂದ, ಹಲಬರ್ಗಾದಿಂದ, ದೂರದ ಔರಾದ ಕಡೆಯಿಂದಲೂ ಜನ ಬರುತ್ತಿದ್ದರು. ಮನೆಯ ಗದ್ದಲದಲ್ಲಿ ಒಂದು ಸಾಲೂ ನೆಟ್ಟಗೆ ಬರುವುದಿಲ್ಲವೆಂದು ಹಿತ್ತಲ ತೋಟದಲ್ಲಿ, ಬೇವಿನ ಮರದ ಪಕ್ಕ, ಒಂದು ಖೋಲಿ ಕಟ್ಟಿಸಿಕೊಂಡಿದ್ದರು. ಸುತ್ತ ಪೇರಲ, ಸೀತಾಫಲ, ನಿಂಬೆ. ಸುಖವಾದ ಜಾಗ. ತೊಂದರೆ ಒಂದೇ, ಬೀದಿ ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಅಲ್ಲಿಗೆ ಕೇಳುತ್ತಿರಲಿಲ್ಲ.

ಅದಕ್ಕೇ ಗಂಟೆ ಬಂತು. ಔರಾದ ಕಡೆಯ ಕುರುಬರೊಬ್ಬರು ಕುರಿ ಮೇಯಿಸುವ ಜಾಗದ ಅರ್ಜಿ ಗೆದ್ದ ಖುಷಿಗೆ ಟಗರಿನ ಕೊರಳ ಗಂಟೆ ತಂದುಕೊಟ್ಟಿದ್ದರು. ಮಾವನವರು ಅದನ್ನು ಖೋಲಿಯ ಕಿಟಕಿಗೆ ತೂಗುಹಾಕಿ, ಹಗ್ಗವನ್ನು ಬೇವಿನ ಕೊಂಬೆಯ ಮೇಲಿಂದ, ಅಡುಗೆಮನೆಯ ಸೂರಿನಡಿಯಿಂದ ಹಾಯಿಸಿ ಬೀದಿ ಬಾಗಿಲ ಪಕ್ಕ ಇಳಿಬಿಟ್ಟರು. ಗಂಟೆ ಕೇಳಿದರೆ ತಾವೇ ಎದ್ದು ಬಂದು, ಪಕ್ಕದ ಓಣಿಯ ದಿಡ್ಡಿ ಬಾಗಿಲು ತೆಗೆದು, ಬಂದವರನ್ನು ಒಳಗೆ ಕರೆದೊಯ್ಯುವುದು ಎಂದು ಏರ್ಪಾಟು. ಆದರೆ ನಮ್ಮ ಜನಕ್ಕೆ ಗಂಟೆಯೆಂದರೆ ಗುಡಿಯದು. ಚಪ್ಪಲಿ ಕಳಚಿ, ಮೂರು ಸಲ ಹಗ್ಗ ಜಗ್ಗಿ, ಬಾಗಿಲಿಗೆ ಕೈಮುಗಿಯುತ್ತಿದ್ದರು. ಹೋಗುವಾಗಲೂ ಜಗ್ಗುತ್ತಿದ್ದರು. ಹೊಸಬರು ಬಂದರೆಂದು ಮಾವನವರು ಓಡಿ ಬಂದರೆ ಈಗಷ್ಟೇ ಕಳಿಸಿಕೊಟ್ಟವನ ಬೆನ್ನು ಕಾಣುತ್ತಿತ್ತು. “ನಾ ಏನ್ ದೇವರೇನೋ, ಹೋಗಾಗನೂ ಬಾರಿಸ್ತಿ?” ಎಂದು ರೇಗುತ್ತಿದ್ದರು.

ನಾನು ಸೊಸೆಯಾಗಿ ಬಂದ ಕಾಲಕ್ಕೆ ಸೊಸೆಯಾದವಳು ಮಾವನ ಮುಂದೆ ಸುಳಿಯುವಂತಿರಲಿಲ್ಲ, ಮಾತಾಡುವುದಂತೂ ದೂರ. ಎದುರಾದರೆ ಗಲ್ಲದವರೆಗೂ ಸೆರಗು. ಮಾವನವರು ನನಗೇನಾದರೂ ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದರು. “ಇವತ್ತ ಪುಂಡಿಪಲ್ಯಾ ಛಲೋ ಆಗ್ಯಾದ ಅಂತ ಈ ಗ್ವಾಡಿಗಿ ಹೇಳ್ತೇನಿ.” ಗೋಡೆಯ ಈಚೆ ನಾನು ಸೆರಗು ಬಾಯಿಗೊತ್ತಿ ನಗುತ್ತಿದ್ದೆ. ನನ್ನ ಮಾತೆಲ್ಲ ಹಗ್ಗದಲ್ಲಿ. ಸೂರಿನಡಿ ಅದು ನನ್ನ ಕೈಗೆ ಎಟಕುತ್ತಿತ್ತು. ಒಂದು ಸಲ ಜಗ್ಗಿದರೆ ಚಹಾ, ಎರಡು ಸಲ ಜಗ್ಗಿದರೆ ಊಟ.

ಕೆಲವು ವರ್ಷಗಳ ಮೇಲೆ, ಎರಡಲ್ಲ, ನಾಲ್ಕು ಸಲ ಜಗ್ಗಿದರೂ ಅವರು ಬರದ ದಿನಗಳು ಶುರುವಾದವು. “ಬರಿಯೂದ್ರಾಗ ಮುಳಗ್ಯಾರ” ಎಂದು ಅತ್ತೆಯವರು ಸುಮ್ಮನಾದರು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಮೊದಲಿನಂತಾಯಿತು. ಒಂದು ಬೆಳಿಗ್ಗೆ ನಿಂಬೆಕಾಯಿ ಕೀಳಲು ಹೋದವಳು ಕಿಟಕಿಯಲ್ಲಿ ನೋಡಿದೆ. ಹಗ್ಗ ಗಂಟೆಯನ್ನು ದಾಟಿ ಇನ್ನಷ್ಟು ಕೆಳಗಿಳಿದು ಅವರ ಎಡಗೈ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಜಗ್ಗಿದರು. ಗಂಟೆ ನನ್ನ ಕಿವಿಯ ಹತ್ತಿರವೇ ಹೊಡೆಯಿತು. ಮಾವನವರು ತಲೆಯೆತ್ತಿದ್ದು ಆ ಸದ್ದಿಗಲ್ಲ, ತಮ್ಮ ಕೈ ಮೇಲಕ್ಕೆದ್ದದ್ದಕ್ಕೆ. ತಲೆಯೆತ್ತಿದಾಗ ಕಿಟಕಿಯಲ್ಲಿ ನಾನು ಅವರ ಕಣ್ಣಿಗೆ ಬಿದ್ದೆ. ಸೆರಗೆಳೆದುಕೊಂಡು ಓಡಿಬಂದೆ.

ಕಿವಿ ಕೇಳದವರ ಹತ್ತಿರ ಕಷ್ಟ ಹೇಳಿಕೊಳ್ಳಲು ಯಾರು ಬರುತ್ತಾರೆ? ಅಷ್ಟು ನನಗೂ ತಿಳಿಯುತ್ತಿತ್ತು. ಬಂದವರ ತುಟಿ ನೋಡಿಯೇ ಅವರು ಅರ್ಜಿ ಬರೆಯುತ್ತಿದ್ದರು. “ಸಾವಕಾಶ ಹೇಳ್ರಿ, ಅವಸರ ಮಾಡಿದ್ರ ಅಕ್ಷರ ಕೆಡ್ತಾವ” ಎನ್ನುತ್ತಿದ್ದರಂತೆ. ನಾನು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಪಾಪ, ಆ ಮೇಲೆ ಅವರು ಗೋಡೆಯ ಹತ್ತಿರವೂ ಕಡಿಮೆ ಮಾತಾಡತೊಡಗಿದರು. ಅದೇ ನನಗೆ ಹೆಚ್ಚು ಸಂಕಟವಾಗಿತ್ತು.

ಅತ್ತೆಯವರು ಮದುವೆಗೆಂದು ನನ್ನ ಗಂಡನನ್ನು ಕರೆದುಕೊಂಡು ಬೀದರಿಗೆ ಹೋದ ದಿನ. ಮಧ್ಯಾಹ್ನ ಮುಸುರೆ ಚೆಲ್ಲಲು ಬೀದಿ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಬರಿ ಹಣೆ, ಬಿಸಿಲಿಗೆ ಬಾಡಿದ ಮುಖ.

“ಹಲಬರ್ಗಾದಕಿರಿ. ಮುಂಜಾನಿಂದ ಕುಂತೀನ್ರಿ.”

“ಯಾಕ, ಹಗ್ಗ ಜಗ್ಗಬೇಕಿತ್ತಲ್ರಿ?”

“ಗಂಡ ಸತ್ತು ತಿಂಗಳಾಗಿಲ್ಲರಿ. ಸೂತಕದಾಕಿ ಗಂಟಿ ಹ್ಯಾಂಗ ಮುಟ್ಟಲಿರಿ?”

ಅವಳ ಹೊಲವನ್ನು ಭಾವ ತನ್ನ ಹೆಸರಿಗೆ ಬರೆಸಿಕೊಳ್ಳಲು ಹೊರಟಿದ್ದ. ತಕರಾರು ಅರ್ಜಿ ಆ ದಿನ ಕಚೇರಿ ಮುಚ್ಚುವುದರೊಳಗೆ ಬೀಳಬೇಕು. ಬೀಳದಿದ್ದರೆ ಹೊಲ ಹೋದಂತೆಯೇ. ಎರಡು ಮಕ್ಕಳಿದ್ದವು. ನಾನೇ ಹಗ್ಗ ಜಗ್ಗಿದೆ. ಹಗ್ಗ ಪೂರಾ ನನ್ನ ಕೈಗೇ ಬಂತು. ಬೆಳಿಗ್ಗೆ ಬೇವಿನ ಮರದಲ್ಲಿ ಕುಣಿದಾಡಿದ ಮಂಗಗಳು ಅದನ್ನು ಹರಿದುಹಾಕಿದ್ದವು.

ಮನೆಯಲ್ಲಿ ಇನ್ನೊಬ್ಬರಿಲ್ಲ. ಹಿತ್ತಲ ಬಾವಿಯವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಕಲಿತ ಮರ್ಯಾದೆ ಕಾಲು ಹಿಡಿದು ಎಳೆಯುತ್ತಿತ್ತು. ಕೊನೆಗೆ ಖೋಲಿಯ ಹೊಸ್ತಿಲಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಸಲ, “ಮಾವನವರ, ಬಾಗಿಲಿಗಿ ಬಂದಾರ್ರಿ” ಎಂದೆ. ಅವರು ಬರೆಯುತ್ತಲೇ ಇದ್ದರು. ಹತ್ತಿರ ಹೋಗಿ ಕೂಗಿದೆ. ಕಾಗದದ ಮೇಲೆ ನನ್ನ ನೆರಳು ಬಿದ್ದು ತಲೆಯೆತ್ತಿದರು. ನಾನು ಕೂಗುತ್ತಲೇ ಇದ್ದೆ; ಗಲ್ಲದವರೆಗೂ ಸೆರಗು. ಅವರು ಲೇಖನಿ ಕೆಳಗಿಟ್ಟು, ಬಹಳ ಮೆಲ್ಲಗೆ ಹೇಳಿದರು:

“ಮುಖದ ಮ್ಯಾಲಿನ ಸೆರಗು ಸರಿಸು, ತಾಯಿ. ನಿನ್ನ ಬಾಯಿ ನನಗ ಕಾಣವಲ್ದು.”

ಸರಿಸಿದೆ. ಕಣ್ಣೀರು ಸುರಿಯುತ್ತಿತ್ತು, ಆದರೂ ಒಂದೊಂದೇ ಮಾತು ಬಿಡಿಸಿ ಹೇಳಿದೆ. ಮಾವನವರು ಎದ್ದು, ದಿಡ್ಡಿ ಬಾಗಿಲು ತೆಗೆದು, ಆ ಹೆಣ್ಣುಮಗಳನ್ನು ಕರೆತಂದರು. ಅವಳೂ ಗಂಡಸರ ಮುಂದೆ ಸೆರಗಿನೊಳಗಿಂದಲೇ ಮಾತಾಡುವವಳು. ಅವಳು ನನಗೆ ಹೇಳಿದಳು, ನಾನು ಮಾವನವರ ಮುಖಕ್ಕೆ ಹೇಳಿದೆ, ಅವರು ಉರ್ದುವಿನಲ್ಲಿ ಬರೆದರು. ಗಂಟೆ ಮುಟ್ಟಲಿಲ್ಲವೇಕೆಂದು ತಿಳಿದಾಗ ಮಾತ್ರ ಒಮ್ಮೆ ನಕ್ಕರು. “ಅದು ಕುರಿ ಕೊಳ್ಳಾಗಿಂದು, ತಾಯಿ. ಕುರಿಗಿ ಎಲ್ಲಿ ಸೂತಕ?” ಶಾಯಿ ಆರುವ ಮೊದಲೇ ಅವಳನ್ನು ಕರೆದುಕೊಂಡು ಕಚೇರಿಗೆ ನಡೆದರು. ಅರ್ಜಿಗೆ ಮೊಹರು ಬಿತ್ತು. ಹೊಲ ಅವಳಿಗೇ ಉಳಿಯಿತು.

ಬೀದರಿನಿಂದ ಬಂದ ಅತ್ತೆಯವರಿಗೆ ಓಣಿಯವರು ಎಲ್ಲ ಊದಿದ್ದರು. “ಮಾವನ ಮುಂದ ಮುಖ ಬಿಟ್ಗೊಂಡು ಕುಂತಿದ್ದೆಂತಲ್ಲ!” ಎಂದು ಅವರು ಹಾರಾಡಿದಾಗ ಮಾವನವರು ಪಡಸಾಲೆಗೆ ಬಂದು, ಮನೆಯವರ, ಓಣಿಯವರ ಎದುರಿಗೇ ಹೇಳಿದರು: “ನನಗ ಕಿವಿ ಕೇಳಂಗಿಲ್ಲ. ಭಾಳ ದಿನ ಆತು. ಇನ್ ಮ್ಯಾಲ ಇಕಿ ಖೋಲ್ಯಾಗ ಕುಂದರ್ತಾಳ, ಬಂದವರ ಮಾತು ನನಗ ಹೇಳ್ತಾಳ.” ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ನನ್ನ ಮಾನ ಉಳಿಸಲು ಒಂದೇ ಉಸಿರಿಗೆ ಬಿಚ್ಚಿಟ್ಟುಬಿಟ್ಟರು. ಜನ ಬರುವುದು ಕಡಿಮೆಯಾಗಲಿಲ್ಲ. ಖೋಲಿಯಲ್ಲಿ ಒಬ್ಬ ಹೆಣ್ಣುಮಗಳು ಕೂರುತ್ತಾಳೆಂದು ಹೆಂಗಸರೇ ಹೆಚ್ಚು ಬರತೊಡಗಿದರು. ತಲೆಯೆತ್ತಿ, ತಡವರಿಸದೆ, ಹೇಳಬೇಕಾದ್ದನ್ನು ಹೇಳಲು ನಾನು ಕಲಿತದ್ದು ಅಲ್ಲಿ, ಕಿವಿ ಕೇಳದ ಒಬ್ಬರ ಮುಂದೆ ಕುಳಿತು. ಆ ಋಣ ತೀರುವಂಥದ್ದಲ್ಲ.

ಅವರು ಆ ಖೋಲಿಯಲ್ಲೇ ಹಾಸಿಗೆ ಹಿಡಿದರು. ಅತ್ತೆಯವರೂ ಹಳೆಯ ರೀತಿಯವರು. ಹಗಲಲ್ಲಿ ಗಂಡನ ಮುಖ ನೋಡಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಬೆನ್ನ ಹಿಂದೆ ನಿಂತು, “ಗಂಜಿ ಕುಡೀತಾರೇನು ಕೇಳು” ಎಂದು ಕೇಳಿಸುತ್ತಿದ್ದರು. ಮಾವನವರು ತೀರಿಕೊಳ್ಳುವ ನಾಲ್ಕು ದಿನ ಮೊದಲು, ಮಧ್ಯಾಹ್ನ, ಹಾಗೇ ಬಂದು ನಿಂತರು.

“ಅವರಿಗಿ ಒಂದ್ ಮಾತು ಹೇಳೂದದ.”

“ಹೇಳ್ರಿ, ನಾ ಹೇಳ್ತೇನಿ.”

ಅತ್ತೆಯವರು ಸೆರಗಿನ ತುದಿ ತಿರುವುತ್ತ ನಿಂತೇ ಇದ್ದರು. ನನಗೆ ತಿಳಿಯಿತು. ಎದ್ದು ನನ್ನ ಜಾಗದಲ್ಲಿ ಅವರನ್ನು ಕೂರಿಸಿ, “ಸಾವಕಾಶ ಹೇಳ್ರಿ, ಮುಖ ಕಾಣ್ಲಿ” ಎಂದು ಹೊರಗೆ ಬಂದೆ. ಪೇರಲ ಗಿಡದ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಏನು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಬಂದಾಗ ಅವರ ಸೆರಗು ಹೆಗಲ ಮೇಲಿತ್ತು, ಕಣ್ಣು ಕೆಂಪಾಗಿದ್ದವು. ನನ್ನ ಕೈ ಹಿಡಿದುಕೊಂಡು, “ಕೇಳಿಸ್ತಂತ” ಎಂದರು.