ಕೆರೆಯಂಚಿನ ಹುಲ್ಲು

ಮುಂಡರಗಿ ಸೀಮೆಯ ನಮ್ಮೂರ ಕೆರೆ ಚಿಕ್ಕದಲ್ಲ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹಿರಿಯರು ಹಳ್ಳವನ್ನು ನಿಲ್ಲಿಸಿದ್ದರು. ಹಳ್ಳ ಬಂದು ಕೆರೆ ಸೇರುವಲ್ಲಿ, ನಮ್ಮ ಹೊಲದ ಕೊನೆಗೆ, ಅಗಲವಾದ ಹುಲ್ಲುಪಟ್ಟೆಯೊಂದಿತ್ತು. ಅದನ್ನು ಯಾರೂ ಉಳುತ್ತಿರಲಿಲ್ಲ. ಅಲ್ಲಿಗೆ ಬಂದೊಡನೆ ಅಪ್ಪ ನೇಗಿಲೆತ್ತಿ ಎತ್ತು ತಿರುಗಿಸುತ್ತಿದ್ದ.

ಏಕೀಕರಣದ ವರ್ಷ ಅಪ್ಪ ತೀರಿಕೊಂಡು ಹೊಲ ನನ್ನ ಕೈಗೆ ಬಂದಿತ್ತು. ನಾನು ನೇಗಿಲೆತ್ತಲಿಲ್ಲ, ಹುಲ್ಲನ್ನೂ ಉತ್ತೆ. ತೂಬು ಕಾಯುವ ಅಜ್ಜ ಏರಿಯಿಂದ ಏದುಸಿರು ಬಿಡುತ್ತಾ ಬಂದ.

“ತಮ್ಮಾ, ಆ ಹುಲ್ಲು ಐತಿ ಅಂತ ಹೊಲದ ಮಣ್ಣು ಕೆರಿಗೆ ಬರವಲ್ದು. ಅದನ್ನ ಕಿತ್ತಿ ಅಂದ್ರ ಕೆರಿ ತುಂಬ ಹೂಳಾಕೈತಿ.”

“ಹೊಳಿಗೆ ಅಷ್ಟು ದೊಡ್ಡ ಆಣೆಕಟ್ಟು ಕಟ್ಯಾರ. ಇನ್ನ ಈ ಕೆರಿ ಯಾರಿಗೆ ಬೇಕಜ್ಜಾ? ರಾಜ್ಯ ನಮ್ಮದಾತು, ಹೊಲಾನೂ ನಮ್ಮದು, ಸುಮ್ನ ಹೋಗು!” ಎಂದೆ. ಎಂಥ ಸೊಕ್ಕು ನನಗೆ!

ಅಲ್ಲಿ ಬಿತ್ತಿದ ಜೋಳ ಆಳೆತ್ತರ ಬೆಳೆಯಿತು. ಅದೇ ಕೆಟ್ಟದ್ದಾಯಿತು. ಅದನ್ನು ನೋಡಿ ಮರುವರ್ಷ ಅಕ್ಕಪಕ್ಕದ ಹೊಲದವರೂ ತಮ್ಮ ಹುಲ್ಲು ಉತ್ತರು. ಪ್ರತಿ ಮಳೆಗೂ ಮಣ್ಣು ಹರಿದು ಕೆರೆಗಿಳಿಯಿತು. ನಾನು ನಂಬಿದ್ದ ಆಣೆಕಟ್ಟಿನ ನೀರು ನಮ್ಮೂರಿನ ಎತ್ತರಕ್ಕೆ ಬರಲೇ ಇಲ್ಲ. ಕೆರೆಯನ್ನು ನಂಬಿದ್ದ ಬಾವಿಗಳು ಒಂದೊಂದಾಗಿ ಬತ್ತಿದವು.

ಹರೆಯದಲ್ಲಿ ನಾವು ತೂಬಿನ ಕಲ್ಲುಕಂಬದ ತುದಿಯಿಂದ ಕೆರೆಗೆ ಜಿಗಿಯುತ್ತಿದ್ದೆವು. ಎಷ್ಟು ಮುಳುಗಿದರೂ ಕಾಲಿಗೆ ನೆಲ ಸಿಗುತ್ತಿರಲಿಲ್ಲ. ಈಗ ಅದೇ ಕಂಬದ ತುದಿಯ ಮೇಲೆ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತದೆ. ಆ ನೆಲ ನನ್ನ ಹೊಲದ ಮಣ್ಣು.